ಪೋಸ್ಟ್-ಟೆಸ್ಟ್ ಪಾಸಾದ ಬಾಣಂತಿ ಮನೆಗೆ ಹೋದ ಮೇಲೆ

ನರ್ಸಿಂಗ್ ಕಾಲೇಜಿನ ಗ್ರಂಥಾಲಯದಲ್ಲಿ ಸಾಲಾಗಿ ನಿಂತ ಪ್ರಬಂಧಗಳಲ್ಲಿ ಯಾವುದನ್ನು ಎಳೆದು ತೆಗೆದರೂ ಒಳಗಿನ ಕಥೆ ಹೆಚ್ಚುಕಡಿಮೆ ಒಂದೇ. ಚೊಚ್ಚಲ ಹೆರಿಗೆಯ 60 ತಾಯಂದಿರು, ಬಾಣಂತಿ-ಹಸುಗೂಸಿನ ಆರೈಕೆಯ ಬಗ್ಗೆ 30 ಪ್ರಶ್ನೆಗಳ ಒಂದು ಪ್ರಶ್ನಾವಳಿ. ಮೊದಲ ದಿನ ಪ್ರೀ-ಟೆಸ್ಟ್, ಅಂದೇ ಫ್ಲ್ಯಾಶ್‌ಕಾರ್ಡ್ ಹಿಡಿದು ಮುಕ್ಕಾಲು ಗಂಟೆ ಪಾಠ, ಏಳನೇ ದಿನ ಅದೇ ಪ್ರಶ್ನಾವಳಿಯಲ್ಲಿ ಪೋಸ್ಟ್-ಟೆಸ್ಟ್. ಸರಾಸರಿ ಅಂಕ 13 ಇದ್ದದ್ದು 22 ಆಗುತ್ತದೆ. ಪಿ ಮೌಲ್ಯ, ಅಂದರೆ ಪಾಠದಿಂದ ಏನೂ ಆಗದಿದ್ದರೂ ಇಷ್ಟು ಏರಿಕೆ ಆಕಸ್ಮಿಕವಾಗಿ ಬರುವ ಸಂಭವ, 0.05ಕ್ಕಿಂತ ಕಡಿಮೆ ಬರುತ್ತದೆ. ‘ಬೋಧನೆ ಪರಿಣಾಮಕಾರಿ’ ಎಂಬ ಸಾಲಿಗೆ ಪ್ರಬಂಧ ಮುಗಿಯುತ್ತದೆ.

ಇದು ಸುಳ್ಳಲ್ಲ. ಹೇಳಿಕೊಟ್ಟದ್ದನ್ನೇ ವಾರದೊಳಗೆ ಮತ್ತೆ ಕೇಳಿದರೆ ಯಾರಿಗಾದರೂ ಒಂದಿಷ್ಟು ನೆನಪಿದ್ದೇ ಇರುತ್ತದೆ. ಕೇಳಬೇಕಾದದ್ದು ಬೇರೆ. ಆ 9 ಅಂಕ ಯಾವ ಪ್ರಶ್ನೆಗಳಿಂದ ಬಂತು? ಎಂಟನೇ ದಿನ ಮಗು ಹಾಲು ಬಿಟ್ಟು ಮಂಕಾಗಿ ಮಲಗಿದಾಗ ಅದರಲ್ಲಿ ಎಷ್ಟು ಆ ತಾಯಿಯ ಕೈಗೆ ಒದಗಿತು?

ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 23 ಲಕ್ಷ ಹಸುಗೂಸುಗಳು ಹುಟ್ಟಿದ 28 ದಿನಗಳೊಳಗೆ ತೀರಿಕೊಳ್ಳುತ್ತವೆ. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಮೊದಲ ವಾರದಲ್ಲೇ. 2023ರಲ್ಲಿ ಗರ್ಭಧಾರಣೆ ಮತ್ತು ಹೆರಿಗೆಯ ತೊಡಕಿನಿಂದ ಸತ್ತ ಹೆಂಗಸರು ಸುಮಾರು 2.6 ಲಕ್ಷ. ಆ ಮೊದಲ ವಾರದ ಆರಂಭದಲ್ಲಿ, ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಹೆಚ್ಚು ಹೊತ್ತು ನಿಲ್ಲುವವರು ಡಾಕ್ಟರಲ್ಲ, ನರ್ಸ್. ಅವರ ಹಿಂದೆ ಲಾಗ್‌ಬುಕ್ ಹಿಡಿದು ಪೋಸ್ಟಿಂಗ್‌ಗೆ, ಅಂದರೆ ವಾರ್ಡಿನ ತರಬೇತಿಗೆ, ಬಂದ ವಿದ್ಯಾರ್ಥಿಗಳು. ತಾಯಿಗೆ ತಿಳಿಸಿ ಹೇಳಲು ಇಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ನಾವು ಅದನ್ನು ಅಂಕ ಅಳೆಯುವ ಜಾಗ ಮಾಡಿಕೊಂಡಿದ್ದೇವೆ.

ಒಟ್ಟು ಅಂಕ ಮುಚ್ಚಿಡುವುದು

ಮೊದಲು ಲೆಕ್ಕ. ಪ್ರತಿ ಪ್ರಶ್ನೆಗೆ ನಾಲ್ಕು ಆಯ್ಕೆಗಳಿದ್ದರೆ ಕಣ್ಣು ಮುಚ್ಚಿ ಗುರುತು ಹಾಕಿದರೂ 30ರಲ್ಲಿ 7 ಅಥವಾ 8 ಸರಿಬೀಳುತ್ತವೆ. ಪ್ರೀ-ಟೆಸ್ಟ್‌ನಲ್ಲಿ 13 ಬಂದವರಿಗೆ ನಿಜಕ್ಕೂ ಗೊತ್ತಿರುವುದು ಸುಮಾರು 7 ಪ್ರಶ್ನೆಗಳ ಉತ್ತರ. ಉಳಿದ 23ರಲ್ಲಿ ಕಾಲು ಭಾಗ ಊಹೆಯ ಕೃಪೆ. ‘ಗೊತ್ತಿಲ್ಲ’ ಎಂಬ ಐದನೇ ಆಯ್ಕೆಯೊಂದನ್ನು ಸೇರಿಸಿದರೆ ಈ ಊಹೆಯ ಅಂಕ ಬಹಳಷ್ಟು ಕಳಚುತ್ತದೆ. ಆದರೂ ಸೇರಿಸುವವರು ಕಡಿಮೆ.

ಇನ್ನೊಂದು ತೊಡಕು ಶ್ರೇಣಿಯದು. ಶೇ 50ರವರೆಗೆ ‘ಅಸಮರ್ಪಕ’, ಶೇ 75ರವರೆಗೆ ‘ಮಧ್ಯಮ’, ಅದರ ಮೇಲೆ ‘ಸಮರ್ಪಕ’ ಎಂದು ಭಾಗ ಮಾಡುವುದು ವಾಡಿಕೆ. 30ಕ್ಕೆ 24 ತೆಗೆದ ತಾಯಿಯ ಅರಿವು ಶೇ 80, ಅಂದರೆ ‘ಸಮರ್ಪಕ’. ತಪ್ಪಿದ ಆ 6 ಪ್ರಶ್ನೆಗಳು ಯಾವುವು ಎಂದು ಕೋಷ್ಟಕ ಹೇಳುವುದಿಲ್ಲ. ಎದೆಹಾಲಿನಲ್ಲಿರುವ ಪ್ರತಿಕಾಯದ ಹೆಸರು ಐಜಿಎ ಎಂದು ಸರಿಯಾಗಿ ಗುರುತು ಹಾಕಿ, ಮಗು ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡಿದರೆ ಅಪಾಯ ಎಂಬುದನ್ನು ತಪ್ಪಿಸಿದ್ದರೂ ಆಕೆ ‘ಸಮರ್ಪಕ’ ಪಟ್ಟಿಯಲ್ಲೇ ಇರುತ್ತಾಳೆ.

ಬಾಣಂತಿಯರ ಖಿನ್ನತೆ ಗುರುತಿಸಲು 1987ರಿಂದ ಬಳಕೆಯಲ್ಲಿರುವ ಎಡಿನ್‌ಬರೋ ಮಾಪಕವನ್ನು ಇದರ ಪಕ್ಕಕ್ಕಿಟ್ಟು ನೋಡಬಹುದು. 10 ಪ್ರಶ್ನೆ, ಗರಿಷ್ಠ 30 ಅಂಕ. ಕೊನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಕುರಿತದ್ದು. ಒಟ್ಟು ಅಂಕ ಎಷ್ಟೇ ಕಡಿಮೆ ಬಂದಿರಲಿ, ಆ ಹತ್ತನೆಯದಕ್ಕೆ ‘ಹೌದು’ ಎಂಬ ಛಾಯೆ ಇದ್ದರೂ ಆಕೆಯನ್ನು ಹಾಗೇ ಮನೆಗೆ ಕಳಿಸುವಂತಿಲ್ಲ. ಎಲ್ಲ ಪ್ರಶ್ನೆಗಳ ತೂಕ ಒಂದೇ ಅಲ್ಲ ಎಂಬ ವಿವೇಕ ಅದರಲ್ಲಿದೆ. ಆರೋಗ್ಯ ತಿಳಿವಳಿಕೆಯ ಪ್ರಶ್ನಾವಳಿಗೂ ಇದೇ ರೀತಿ ಬೇಕು: 5–6 ಪ್ರಶ್ನೆಗಳನ್ನು ‘ತಪ್ಪುವಂತಿಲ್ಲ’ ಎಂದು ಮೊದಲೇ ಗುರುತಿಸಿ, ಅವುಗಳಲ್ಲಿ ಒಂದು ತಪ್ಪಿದರೂ ಪಾಠ ಮತ್ತೆ ಮಾಡಬೇಕು. ಪ್ರತಿ ಪ್ರಶ್ನೆಗೂ ಮೊದಲು ಎಷ್ಟು ಮಂದಿ ಸರಿ, ಆಮೇಲೆ ಎಷ್ಟು ಮಂದಿ ಸರಿ ಎಂಬ ಕೋಷ್ಟಕ ಇರಲೇಬೇಕು.

ಮೂರನೆಯ ತೊಡಕು ವಿನ್ಯಾಸದ್ದು. ಒಂದೇ ಗುಂಪು, ಎರಡು ಪರೀಕ್ಷೆ. ಪ್ರೀ-ಟೆಸ್ಟ್ ತಾನೇ ಒಂದು ಪಾಠ. ಪ್ರಶ್ನೆ ಕೇಳಿಸಿಕೊಂಡ ಬಾಣಂತಿ ಪಕ್ಕದ ಹಾಸಿಗೆಯವರನ್ನು, ಅಮ್ಮನನ್ನು, ಫೋನನ್ನು ಕೇಳಿ ಉತ್ತರ ತಿಳಿದುಕೊಂಡಿರುತ್ತಾಳೆ. ಪಾಠವೇ ಇಲ್ಲದಿದ್ದರೂ ಅಂಕ ಒಂದಿಷ್ಟು ಏರುತ್ತಿತ್ತು. ಇದನ್ನು ಬೇರ್ಪಡಿಸಲು ಮನೋವಿಜ್ಞಾನಿ ರಿಚರ್ಡ್ ಸಾಲೊಮನ್ 1949ರಲ್ಲೇ ನಾಲ್ಕು ಗುಂಪುಗಳ ವಿನ್ಯಾಸ ಕೊಟ್ಟಿದ್ದರು: ಎರಡು ಗುಂಪಿಗೆ ಪ್ರೀ-ಟೆಸ್ಟ್ ಉಂಟು, ಎರಡಕ್ಕೆ ಇಲ್ಲ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಪಾಠ ಉಂಟು, ಇನ್ನೊಂದಕ್ಕೆ ಇಲ್ಲ. ವಿದ್ಯಾರ್ಥಿಯೊಬ್ಬರ ಪ್ರಬಂಧಕ್ಕೆ ಅಷ್ಟು ದೊಡ್ಡ ವ್ಯವಸ್ಥೆ ಭಾರವೇ ಸರಿ. ಆದರೆ ಎರಡು ಗುಂಪು ಇಟ್ಟುಕೊಂಡು, ಹೋಲಿಕೆಯ ಗುಂಪಿಗೆ ಪೋಸ್ಟ್-ಟೆಸ್ಟ್ ಮುಗಿದ ಮೇಲೆ ಪಾಠ ಮಾಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ‘ತಪ್ಪುವಂತಿಲ್ಲ’ದ ಅಪಾಯದ ಚಿಹ್ನೆಗಳನ್ನು ಮಾತ್ರ ಎರಡೂ ಗುಂಪಿಗೆ ಮೊದಲೇ ಹೇಳಿಬಿಡಬೇಕು. ಅಧ್ಯಯನದ ಹೆಸರಲ್ಲಿ ಅದನ್ನು ತಡೆಹಿಡಿಯುವಂತಿಲ್ಲ.

ಗೊತ್ತಿರುವುದಕ್ಕೂ ಮಾಡುವುದಕ್ಕೂ ನಡುವೆ

ಜಾರ್ಜ್ ಮಿಲ್ಲರ್ 1990ರಲ್ಲಿ ವೈದ್ಯಕೀಯ ಶಿಕ್ಷಣಕ್ಕೆ ಒಂದು ಪಿರಮಿಡ್ ಕೊಟ್ಟರು. ತಳದಲ್ಲಿ ‘ಗೊತ್ತು’, ಅದರ ಮೇಲೆ ‘ಹೇಗೆ ಎಂದು ಗೊತ್ತು’, ಅದರ ಮೇಲೆ ‘ಮಾಡಿ ತೋರಿಸುತ್ತಾರೆ’, ತುದಿಯಲ್ಲಿ ‘ಮಾಡುತ್ತಾರೆ’. ನರ್ಸಿಂಗ್ ವಿದ್ಯಾರ್ಥಿಗಳನ್ನು ಮೂರನೇ ಮೆಟ್ಟಿಲಿನವರೆಗೆ ಪರೀಕ್ಷಿಸಲು ನಾವು ಕಲಿತಿದ್ದೇವೆ. ಅದೇ ವಿದ್ಯಾರ್ಥಿಗಳು ತಾಯಿಯನ್ನು ಪರೀಕ್ಷಿಸುವಾಗ ತಳದ ಮೆಟ್ಟಿಲಲ್ಲೇ ನಿಂತುಬಿಡುತ್ತಾರೆ.

ಓಆರ್‌ಎಸ್ ಒಳ್ಳೆಯ ಉದಾಹರಣೆ. ‘ಭೇದಿಯಾದ ಮಗುವಿಗೆ ಏನು ಕೊಡಬೇಕು?’ ಎಂದು ಕೇಳಿದರೆ ಹೆಚ್ಚಿನವರು ಸರಿಯಾಗಿ ಹೇಳುತ್ತಾರೆ. ಪೊಟ್ಟಣ, ಪಾತ್ರೆ, ನೀರು ಎದುರಿಗಿಟ್ಟು ‘ಕಲಸಿ ತೋರಿಸಿ’ ಎಂದಾಗ ಬಣ್ಣ ಬಯಲಾಗುತ್ತದೆ. 20.5 ಗ್ರಾಂ ಪುಡಿಯ ದೊಡ್ಡ ಪೊಟ್ಟಣ 1 ಲೀಟರ್ ನೀರಿಗೆ. ಅದನ್ನು 200 ಮಿ.ಲೀ. ಲೋಟಕ್ಕೆ ಸುರಿದರೆ ದ್ರಾವಣ ಐದು ಪಟ್ಟು ಗಟ್ಟಿ. ಲೀಟರಿಗೆ 75 ಮಿಲಿಮೋಲ್ ಇರಬೇಕಾದ ಸೋಡಿಯಂ 375ಕ್ಕೆ ಏರುತ್ತದೆ. ನೀರು ತುಂಬಿಕೊಡಬೇಕಾದ ಔಷಧಿಯೇ ಮಗುವಿನ ರಕ್ತದ ಉಪ್ಪಿನಂಶ ಏರಿಸುತ್ತದೆ. ಪುಡಿಯನ್ನು ಅರ್ಧ ಅರ್ಧ ಮಾಡಿ ಎರಡು ಸಲ ಕಲಸುವುದು ಇನ್ನೊಂದು ತಪ್ಪು, ಏಕೆಂದರೆ ಪೊಟ್ಟಣದೊಳಗೆ ಉಪ್ಪು, ಗ್ಲೂಕೋಸ್ ಸಮನಾಗಿ ಬೆರೆತಿರುವ ಖಾತರಿಯಿಲ್ಲ. 200 ಮಿ.ಲೀ. ಅಳತೆಯ ಸಣ್ಣ ಪೊಟ್ಟಣಗಳೂ ಇವೆ. ಆದ್ದರಿಂದ ‘ಒಂದು ಪೊಟ್ಟಣ, ಒಂದು ಲೀಟರ್’ ಎಂದು ಬಾಯಿಪಾಠ ಮಾಡಿಸುವುದೂ ಸಾಲದು. ಪೊಟ್ಟಣದ ಮೇಲಿನ ಅಳತೆಯನ್ನು ಬೆರಳಿಟ್ಟು ತೋರಿಸಬೇಕು. ಕಲಸಿದ್ದು 24 ಗಂಟೆ ಮಾತ್ರ, ಆಮೇಲೆ ಚೆಲ್ಲುವುದು. ಇಷ್ಟನ್ನು ಯಾವ ಬಹು ಆಯ್ಕೆಯ ಪ್ರಶ್ನೆ ಹಿಡಿಯುತ್ತದೆ?

ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 1980ರಿಂದ ಹತ್ತು ವರ್ಷ ಮನೆಮನೆಗೆ ಹೋಗಿ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಕುಟುಂಬಗಳಿಗೆ ಇದನ್ನೇ ಕಲಿಸಿತು. ಪೊಟ್ಟಣವೂ ಇರಲಿಲ್ಲ. ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಲೀಟರಿನಷ್ಟು ನೀರು. ತಾಯಿ ತನ್ನ ಕೈಯಿಂದಲೇ ಕಲಸಬೇಕು. ಆಮೇಲೆ ಬೇರೊಬ್ಬರು ಹೋಗಿ ಆರಿಸಿದ ಮನೆಗಳಲ್ಲಿ ತಾಯಂದಿರನ್ನು ಕೇಳುತ್ತಿದ್ದರು, ಕಲಸಿದ ದ್ರಾವಣದ ಮಾದರಿ ಪ್ರಯೋಗಾಲಯಕ್ಕೆ ಹೋಗುತ್ತಿತ್ತು. ಕಲಿಸಿದವರ ಸಂಬಳ ನಿರ್ಧಾರವಾಗುತ್ತಿದ್ದದ್ದು ತಾಯಂದಿರಿಗೆ ಎಷ್ಟು ನೆನಪಿದೆ ಎಂಬುದರ ಮೇಲೆ. ಇಷ್ಟಾಗಿಯೂ ಆರಂಭದಲ್ಲಿ ಸಿಕ್ಕಿದ್ದು ನಿರಾಶೆ: ತಾಯಂದಿರು ಸರಿಯಾಗಿ ಹೇಳುತ್ತಿದ್ದರು, ಸರಿಯಾಗಿ ಕಲಸುತ್ತಿದ್ದರು, ಭೇದಿಯಾದಾಗ ಮಾತ್ರ ಬಳಸುತ್ತಿರಲಿಲ್ಲ. ಹುಡುಕಿದಾಗ ಕಂಡದ್ದು ಎರಡು ಕಾರಣ. ಕಲಿಸಲು ಹೋದ ಕಾರ್ಯಕರ್ತೆಯರಲ್ಲಿ ಎಷ್ಟೋ ಮಂದಿಗೆ ಅದರ ಮೇಲೆ ನಂಬಿಕೆಯಿರಲಿಲ್ಲ, ತಮಗೆ ಭೇದಿಯಾದರೆ ಅವರೇ ಮಾತ್ರೆ ನುಂಗುತ್ತಿದ್ದರು. ಮನೆಯ ಗಂಡಸರನ್ನು ಯಾರೂ ಮಾತಾಡಿಸಿರಲಿಲ್ಲ. ಕಾರ್ಯಕರ್ತೆಯರಿಗೆ ಅದು ಹೇಗೆ ಕೆಲಸ ಮಾಡುತ್ತದೆಂದು ತಿಳಿಹೇಳಿ, ಗಂಡಸರ ಸಭೆಗಳನ್ನೂ ಸೇರಿಸಿದ ಮೇಲೆ ಬಳಕೆ ಏರತೊಡಗಿತು. ಪೋಸ್ಟ್-ಟೆಸ್ಟ್‌ನಲ್ಲೇ ನಿಲ್ಲಿಸಿದ್ದರೆ ಈ ಎರಡೂ ಕಾರಣ ಅವರಿಗೆ ಎಂದೂ ಗೊತ್ತಾಗುತ್ತಿರಲಿಲ್ಲ.

ಡಿಸ್ಚಾರ್ಜ್ ದಿನದ ಹದಿನೈದು ನಿಮಿಷ

ಈಗ ವಾರ್ಡಿಗೆ ಬರೋಣ. ತಾಯಿಗೆ ಹೇಳಬೇಕಾದದ್ದೆಲ್ಲ ಡಿಸ್ಚಾರ್ಜ್ ದಿನಕ್ಕೆ ಉಳಿದಿರುತ್ತದೆ. ಬ್ಯಾಗು ಕಟ್ಟಿಯಾಗಿದೆ, ಹೊರಗೆ ಗಾಡಿ ಕಾಯುತ್ತಿದೆ, ಬಿಲ್ಲಿನ ಕೌಂಟರಿನಿಂದ ಕರೆ ಬರುತ್ತಿದೆ. ಹೊಲಿಗೆ ನೋವಿನಲ್ಲಿ ಓರೆಯಾಗಿ ಕುಳಿತ, ಮೂರು ರಾತ್ರಿ ನಿದ್ದೆಯಿಲ್ಲದ ಹೆಂಗಸಿಗೆ ಹಾಲೂಡಿಸುವುದು, ಹೊಕ್ಕುಳು, ಸ್ನಾನ, ಲಸಿಕೆ, ಆಹಾರ, ವ್ಯಾಯಾಮ, ಕುಟುಂಬ ಯೋಜನೆ ಎಂದು ಇಪ್ಪತ್ತು ವಿಷಯ ಹದಿನೈದು ನಿಮಿಷದಲ್ಲಿ ಸುರಿಯುತ್ತೇವೆ. ಮಾರನೇ ದಿನ ಅದರಲ್ಲಿ ಏನೂ ಉಳಿದಿರದಿದ್ದರೆ ತಪ್ಪು ಅವಳದಲ್ಲ.

ವಿಷಯವನ್ನು ದಿನಗಳ ಮೇಲೆ ಹರಡುವುದೇ ಮದ್ದು. ಒಂದು ಸಲಕ್ಕೆ ಮೂರು ವಿಷಯ, ಐದರಿಂದ ಏಳು ನಿಮಿಷ. ಮೊದಲ ಗಂಟೆಯಲ್ಲಿ ಪಾಠವೇ ಬೇಡ. ಮಗುವನ್ನು ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ, ಒಂದು ಗಂಟೆಯೊಳಗೆ ಹಾಲು ಹಿಡಿಯಲು ನೆರವಾದರೆ ಸಾಕು. 6ರಿಂದ 12 ಗಂಟೆಯೊಳಗೆ: ಮಗುವನ್ನು ಹಿಡಿಯುವ ಭಂಗಿ, ಪ್ಯಾಡು ನೋಡಿಕೊಳ್ಳುವುದು, ಮೂತ್ರಕ್ಕೆ ಹೋಗುವುದು. ಮೂತ್ರಕೋಶ ತುಂಬಿದ್ದರೆ ಗರ್ಭಕೋಶ ಸರಿಯಾಗಿ ಕುಗ್ಗುವುದಿಲ್ಲ, ರಕ್ತಸ್ರಾವ ಹೆಚ್ಚುತ್ತದೆ. ಈ ಕಾರಣ ಹೇಳಿದರೆ ನೋವಿದ್ದರೂ ಎದ್ದು ಹೋಗುತ್ತಾರೆ, ಹೇಳದಿದ್ದರೆ ತಡೆದುಕೊಳ್ಳುತ್ತಾರೆ. ಎರಡನೇ ದಿನ: ಹಾಲು ಸಾಕಾಗುತ್ತಿದೆಯೇ ಎಂದು ತಿಳಿಯುವುದು, ಹೊಕ್ಕುಳು, ಬೆಚ್ಚಗಿಡುವುದು. ಮೊದಲ ಸ್ನಾನ 24 ಗಂಟೆಯಾದರೂ ಕಳೆದ ಮೇಲೆ. ಹೊಕ್ಕುಳಿಗೆ ಏನನ್ನೂ ಹಚ್ಚದೆ ಸ್ವಚ್ಛವಾಗಿ, ಒಣಗಿದಂತೆ ಇಡುವುದು. ಡಿಸ್ಚಾರ್ಜ್ ದಿನಕ್ಕೆ ಉಳಿಯಬೇಕಾದದ್ದು ಅಪಾಯದ ಚಿಹ್ನೆ ಮತ್ತು ಮುಂದಿನ ಭೇಟಿಯ ದಿನಾಂಕ, ಅಷ್ಟೇ.

ಹೆರಿಗೆಯಾದ ಮೇಲೆ ಕನಿಷ್ಠ 24 ಗಂಟೆ ಆಸ್ಪತ್ರೆಯಲ್ಲಿ, ಆಮೇಲೆ 48–72 ಗಂಟೆಗಳ ನಡುವೆ, 7–14 ದಿನಗಳ ನಡುವೆ, ಮತ್ತೆ 6ನೇ ವಾರದಲ್ಲಿ ತಾಯಿ-ಮಗುವನ್ನು ನೋಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎದೆಹಾಲಿನ ಸಲಹೆಯನ್ನಂತೂ ಗರ್ಭಿಣಿಯಿದ್ದಾಗಿನಿಂದ ಕನಿಷ್ಠ ಆರು ಸಲ ಕೊಡಬೇಕೆನ್ನುತ್ತದೆ. ಪಾಠದ ವೇಳಾಪಟ್ಟಿಯನ್ನು ಈ ಭೇಟಿಗಳಿಗೆ ಹೊಂದಿಸಿಬಿಟ್ಟರೆ ಹೊಸದಾಗಿ ಸಮಯ ಹುಡುಕಬೇಕಿಲ್ಲ.

ಒಂದೇ ವಿಷಯ, ಹತ್ತಿರದಿಂದ

ಹಾಲೂಡಿಸುವುದನ್ನು ಕಲಿಸುವಾಗ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎದೆಹಾಲಿನ ಪ್ರಯೋಜನಗಳಿಂದ ಶುರುಮಾಡುತ್ತಾರೆ. ಎದೆ ಕಟ್ಟಿಕೊಂಡು ಒದ್ದಾಡುತ್ತಿರುವ ತಾಯಿಗೆ ಪ್ರಯೋಜನದ ಪಟ್ಟಿ ಬೇಡ, ಮಗು ಬಾಯಿ ಹಾಕಬೇಕು.

ತಾಯಿ ಬೆನ್ನಿಗೆ ಆಸರೆ ಕೊಟ್ಟು ಕೂರಲಿ. ಮಗುವಿನ ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಲಿ, ಹೊಟ್ಟೆ ತಾಯಿಯ ಮೈಗೆ ಒತ್ತಿರಲಿ, ಮೂಗು ಮೊಲೆತೊಟ್ಟಿನ ಎದುರಿಗೆ ಬರಲಿ. ಮೊಲೆತೊಟ್ಟನ್ನು ಮೇಲ್ತುಟಿಗೆ ಸವರಿ ಕಾಯಬೇಕು. ಆಕಳಿಸುವಷ್ಟು ಅಗಲಕ್ಕೆ ಬಾಯಿ ತೆರೆದ ಗಳಿಗೆಯಲ್ಲಿ ಮಗುವನ್ನು ಎದೆಯ ಹತ್ತಿರಕ್ಕೆ ತರಬೇಕು. ಎದೆಯನ್ನು ಮಗುವಿನ ಕಡೆ ಬಗ್ಗಿಸಿದರೆ ತಾಯಿಗೆ ಬೆನ್ನುನೋವು ಖಂಡಿತ. ಗದ್ದ ಮೊದಲು ತಾಗಬೇಕು. ಸರಿಯಾಗಿ ಹಿಡಿದಿದ್ದರೆ ನಾಲ್ಕು ಗುರುತು ಕಾಣುತ್ತವೆ: ಬಾಯಿ ಅಗಲ, ಕೆಳತುಟಿ ಹೊರಕ್ಕೆ ಮಗುಚಿರುವುದು, ಗದ್ದ ಎದೆಗೆ ತಾಗಿರುವುದು, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲ್ತುಟಿಯ ಮೇಲುಗಡೆ ಹೆಚ್ಚು, ಕೆಳಗೆ ಕಡಿಮೆ ಕಾಣುವುದು. ಮೊದಲು ಚುರುಕಾಗಿ ಚೀಪಿ, ಆಮೇಲೆ ನಿಧಾನವಾಗಿ ಆಳವಾಗಿ ಎಳೆದು, ನಡುನಡುವೆ ನುಂಗಿ ನಿಲ್ಲಿಸುತ್ತದೆ. ಕೆನ್ನೆ ಒಳಕ್ಕೆ ಗುಳಿಬಿದ್ದರೆ, ‘ಟಕ್ ಟಕ್’ ಸದ್ದು ಬಂದರೆ, ಹಾಲು ಬಿಟ್ಟಾಗ ತೊಟ್ಟು ಚಪ್ಪಟೆಯಾಗಿ ಹೊರಬಂದರೆ ಹಿಡಿತ ತಪ್ಪಿದೆ. ಎಳೆದು ಬಿಡಿಸುವಂತಿಲ್ಲ, ಶುಚಿಯಾದ ಕಿರುಬೆರಳನ್ನು ಬಾಯಿಯ ಮೂಲೆಯಲ್ಲಿ ತೂರಿಸಿದರೆ ಹಿಡಿತ ಸಡಿಲವಾಗುತ್ತದೆ. ಮತ್ತೆ ಮೊದಲಿನಿಂದ.

ವಿದ್ಯಾರ್ಥಿಗಳು ಮಾಡುವ ತಪ್ಪುಗಳಲ್ಲಿ ದೊಡ್ಡದು ಮಗುವಿನ ತಲೆಯ ಹಿಂಭಾಗ ಹಿಡಿದು ಎದೆಗೆ ಒತ್ತುವುದು. ಮಗು ತಲೆಯನ್ನು ಹಿಂದಕ್ಕೆ ಸೆಟೆಸಿ ಅಳುತ್ತದೆ, ‘ನನ್ನ ಹಾಲು ಅದಕ್ಕೆ ಬೇಡವಂತೆ’ ಎಂದು ತಾಯಿ ತೀರ್ಮಾನಿಸುತ್ತಾಳೆ. ತೊಟ್ಟಿನ ಹತ್ತಿರವೇ ಎರಡು ಬೆರಳನ್ನು ಕತ್ತರಿಯಂತೆ ಇಟ್ಟು ಒತ್ತಿಸುವುದು, ‘ಒಂದೊಂದು ಕಡೆ ಹತ್ತು ನಿಮಿಷ’ ಎಂದು ಗಡಿಯಾರ ನೋಡಿಸುವುದು ಆಮೇಲಿನವು. ಎಲ್ಲಕ್ಕಿಂತ ಕೆಟ್ಟದ್ದು, ತಾಯಿಯ ಕೈಯಿಂದ ಮಗುವನ್ನು ತೆಗೆದುಕೊಂಡು ತಾನೇ ಹಿಡಿಸಿಕೊಟ್ಟು ಹೋಗುವುದು. ರಾತ್ರಿ ಎರಡು ಗಂಟೆಗೆ ಆ ವಿದ್ಯಾರ್ಥಿನಿ ಮನೆಯಲ್ಲಿರುವುದಿಲ್ಲ.

ಇನ್ನು ‘ಅರ್ಥ ಆಯ್ತಾ?’ ಎಂಬ ಪ್ರಶ್ನೆ. ಅದಕ್ಕೆ ಉತ್ತರ ಯಾವಾಗಲೂ ‘ಹ್ಞೂಂ ಸಿಸ್ಟರ್’. ಬದಲಿಗೆ ಹೀಗೆ ಕೇಳಬಹುದು:

“ಅಕ್ಕಾ, ನಾನು ಸರಿಯಾಗಿ ಹೇಳಿದೆನೋ ಇಲ್ವೋ ನೋಡ್ಕೋಬೇಕು. ಮಗುಗೆ ಹಾಲು ಸಾಕಾಗ್ತಿದ್ಯಾ ಅಂತ ಮನೇಲಿ ಕೇಳಿದ್ರೆ ಏನ್ ಹೇಳ್ತೀರಾ?”

“ಅಳದೆ ಮಲ್ಕೊಂಡಿದ್ರೆ ಸಾಕಾಗಿದೆ ಅಂತ.”

“ಮಲಗೋದು ನೋಡಿ ಹೇಳೋಕಾಗಲ್ಲ ಅಕ್ಕಾ. ಹಾಲು ಸಾಲದ ಮಗೂನೂ ಸುಸ್ತಾಗಿ ಮಲಗಿಬಿಡುತ್ತೆ. ಉಚ್ಚೆ ಎಣಿಸ್ಬೇಕು. ಎಷ್ಟು ಸಲ ಅಂದಿದ್ದೆ?”

ಪಾಠ ಶುರುವಾಗುವುದು ಇಲ್ಲಿಂದ. ಮೊದಲ ದಿನ ಒಂದು ಸಲ, ಎರಡನೇ ದಿನ ಎರಡು, ಮೂರನೇ ದಿನ ಮೂರು, ಐದಾರನೇ ದಿನದಿಂದ 24 ಗಂಟೆಯಲ್ಲಿ 6 ಅಥವಾ ಹೆಚ್ಚು. ಮಲದ ಬಣ್ಣ ಕಪ್ಪಿನಿಂದ ಹಸಿರಿಗೆ, ನಾಲ್ಕೈದನೇ ದಿನಕ್ಕೆ ಹಳದಿಗೆ ತಿರುಗಬೇಕು. ಮೊದಲೆರಡು ದಿನ ಬಟ್ಟೆಯ ಮೇಲೆ ಇಟ್ಟಿಗೆ ಬಣ್ಣದ ಕಲೆ ಕಾಣಬಹುದು. ಅದು ರಕ್ತವಲ್ಲ, ಮೂತ್ರದ ಲವಣ. ಆಮೇಲೂ ಮುಂದುವರಿದರೆ ಹಾಲು ಸಾಲುತ್ತಿಲ್ಲ ಎಂದರ್ಥ. ದಿನಕ್ಕೆ 8ರಿಂದ 12 ಸಲ ಹಾಲು. ಮೊದಲ ದಿನ ಒಂದು ಸಲಕ್ಕೆ ಸಿಗುವುದು 2ರಿಂದ 10 ಮಿ.ಲೀ. ಗಿಣ್ಣುಹಾಲು, ಮಗುವಿಗೆ ಬೇಕಾದದ್ದೂ ಅಷ್ಟೇ. ಈ ಅಂಕಿಯನ್ನು ಒಂದು ಟೀ ಚಮಚದಲ್ಲಿ ನೀರು ಹಾಕಿ ತೋರಿಸಿದರೆ ‘ಹಾಲೇ ಬರ್ತಿಲ್ಲ’ ಎಂಬ ಗಾಬರಿ ಅರ್ಧ ಇಳಿಯುತ್ತದೆ. ತೂಕ ಮೊದಲ ದಿನಗಳಲ್ಲಿ ಶೇ 7ರಿಂದ 10ರವರೆಗೆ ಇಳಿದು, 10–14 ದಿನಕ್ಕೆ ಹುಟ್ಟಿದ ತೂಕಕ್ಕೆ ಮರಳುವುದನ್ನೂ ಮೊದಲೇ ಹೇಳಿರಬೇಕು. ಇಲ್ಲವಾದರೆ ಐದನೇ ದಿನದ ತೂಕ ನೋಡಿದವರು ಡಬ್ಬಿ ಹಾಲು ತರುತ್ತಾರೆ.

ಅಪಾಯದ ಚಿಹ್ನೆಗೆ ಕ್ರಿಯೆ ಬೇಕು

ಚಾರ್ಟಿನಲ್ಲಿ ‘ಉಸಿರಾಟದ ತೊಂದರೆ’ ಎಂದು ಬರೆದರೆ ತಾಯಿಗೆ ಏನು ಮಾಡಬೇಕೆಂದು ತೋಚುವುದಿಲ್ಲ. ಮಗು ಅಳದೆ ಸುಮ್ಮನಿರುವಾಗ ಅಂಗಿ ಎತ್ತಿ ಹೊಟ್ಟೆ ಏರಿಳಿಯುವುದನ್ನು ಪೂರ್ತಿ 60 ಸೆಕೆಂಡ್ ಎಣಿಸಬೇಕು. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವಂತಿಲ್ಲ, ಹಸುಗೂಸಿನ ಉಸಿರಾಟ ಏಕರೀತಿಯದಲ್ಲ. ಒಂದಷ್ಟು ವೇಗ, ನಡುವೆ 5–10 ಸೆಕೆಂಡಿನ ತಡೆ ಸಹಜ. 60 ಅಥವಾ ಹೆಚ್ಚು ಬಂದರೆ ಇನ್ನೊಂದು ಸಲ ಎಣಿಸುವುದು, ಆಗಲೂ ಅಷ್ಟೇ ಇದ್ದರೆ ಹೊರಡುವುದು. ಎದೆಯ ಕೆಳಭಾಗ ಉಸಿರೆಳೆದಾಗ ಒಳಕ್ಕೆ ಹೋಗುತ್ತಿದ್ದರೆ ಎಣಿಕೆಯೂ ಬೇಡ, ಕೂಡಲೇ ಹೊರಡುವುದು.

ಹಾಲು ಬಿಟ್ಟರೆ, ಎಬ್ಬಿಸಿದರೂ ಕೈಕಾಲು ಆಡಿಸದಿದ್ದರೆ, ಫಿಟ್ಸ್ ಬಂದರೆ, ಕಂಕುಳ ಉಷ್ಣತೆ 37.5 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅಥವಾ 35.5ಕ್ಕಿಂತ ಇಳಿದರೆ, ಮೊದಲ 24 ಗಂಟೆಯಲ್ಲೇ ಕಾಮಾಲೆ ಕಂಡರೆ ಅಥವಾ ಯಾವಾಗಲೇ ಆಗಲಿ ಅಂಗೈ ಅಂಗಾಲು ಹಳದಿಯಾದರೆ, ಅದೇ ಗಳಿಗೆ ಆಸ್ಪತ್ರೆಗೆ. ಮೈ ತಣ್ಣಗಾಗುವುದೂ ಜ್ವರದಷ್ಟೇ ಕೆಟ್ಟ ಸೋಂಕಿನ ಗುರುತಾಗಿರಬಹುದು ಎಂಬುದು ತಾಯಂದಿರಿಗೆ ಮಾತ್ರವಲ್ಲ, ವಿದ್ಯಾರ್ಥಿಗಳಿಗೂ ಹೊಸದಾಗಿ ಕೇಳಿಸುತ್ತದೆ. ಕಪ್ಪು ಮೈಬಣ್ಣದ ಮಗುವಿನಲ್ಲಿ ಹಳದಿ ಬೇಗ ಕಾಣುವುದಿಲ್ಲ. ಬೆಳಕಿನಲ್ಲಿ ವಸಡು, ಕಣ್ಣಿನ ಬಿಳಿಭಾಗ, ಅಂಗಾಲು ನೋಡಬೇಕು.

ತಾಯಿಯ ಚಿಹ್ನೆಗಳು ಬಹಳ ಸಲ ಚಾರ್ಟಿನಿಂದಲೇ ಮಾಯವಾಗಿರುತ್ತವೆ. ಹೆರಿಗೆಯಾಯಿತು ಎಂದರೆ ಎಲ್ಲರ ಕಣ್ಣೂ ಮಗುವಿನ ಮೇಲೆ. ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ತೊಯ್ದರೆ, ಜೋರು ತಲೆನೋವಿನ ಜೊತೆ ಕಣ್ಣು ಮಂಜಾದರೆ, 38 ಡಿಗ್ರಿ ಜ್ವರ ಬಂದರೆ, ಒಂದೇ ಕಾಲಿನ ಮೀನಖಂಡ ಊದಿ ನೋವಾದರೆ ಕಾಯುವಂತಿಲ್ಲ. ರಕ್ತದೊತ್ತಡದ ಅಪಾಯ ಹೆರಿಗೆಯೊಂದಿಗೆ ಮುಗಿಯುವುದಿಲ್ಲ, ಆರು ವಾರದವರೆಗೂ ಬರಬಹುದು. ಮನಸ್ಸಿನ ವಿಷಯವೂ ಹಾಗೆಯೇ: ಮೂರನೇ ದಿನದ ಆಸುಪಾಸು ಬರುವ ಅಳು ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ, ಇಳಿಯದಿದ್ದರೆ ಅದು ಖಿನ್ನತೆಯಾಗಿರಬಹುದು.

‘ಹಾಲೂಡಿಸುವಾಗ ಗರ್ಭ ನಿಲ್ಲದು’ ಎಂಬುದನ್ನೂ ಇಲ್ಲೇ ತಿದ್ದಬೇಕು. ಅದಕ್ಕೆ ಮೂರು ಷರತ್ತುಗಳಿವೆ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿಯೂ ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು, ಮುಟ್ಟು ಮರಳಿರಬಾರದು. ಮೂರೂ ಒಟ್ಟಿಗಿದ್ದರೆ ಶೇ 98ರಷ್ಟು ರಕ್ಷಣೆ. ತಾಯಂದಿರ ನೆನಪಲ್ಲಿ ಉಳಿಯುವುದು ಮುಟ್ಟಿನದೊಂದೇ.

ಕಣ್ಣಿಗೆ ಕಂಡದ್ದೇ ಪಾಠ

ಮಗುವನ್ನು ಅಂಗಾತ ಮಲಗಿಸಬೇಕು ಎಂದು ಚಾರ್ಟ್ ತೋರಿಸಿ ಹೇಳಿದ ನರ್ಸ್, ತೊಟ್ಟಿಲಲ್ಲಿ ಮಗುವನ್ನು ಮಗ್ಗುಲಾಗಿ ಮಲಗಿಸಿ ಬೆನ್ನಿಗೆ ಬಟ್ಟೆಯ ಸುರುಳಿ ಇಟ್ಟರೆ, ತಾಯಿ ಮನೆಯಲ್ಲಿ ಮಾಡುವುದು ಕಂಡದ್ದನ್ನೇ. ಸೋಪಿನಿಂದ ಕೈತೊಳೆಯಲು 40–60 ಸೆಕೆಂಡ್ ಬೇಕೆಂದು ಹೇಳಿ ಐದು ಸೆಕೆಂಡಿನಲ್ಲಿ ಮುಗಿಸುವವರದ್ದೂ ಇದೇ ಗತಿ. ಬೆಳಗಿನ ಪಾಳಿಯವರು ‘ಕೇಳಿದಾಗಲೆಲ್ಲ ಹಾಲು ಕೊಡಿ’ ಎಂದರೆ, ರಾತ್ರಿಯವರು ‘ಎರಡು ಗಂಟೆಗೊಮ್ಮೆ ಮಾತ್ರ’ ಎನ್ನುತ್ತಾರೆ. ಮೂರು ಪಾಳಿಯಲ್ಲಿ ಮೂರು ಮಾತು ಕೇಳಿದ ತಾಯಿ ಕೊನೆಗೆ ಮನೆಯ ಹಿರಿಯರ ಮಾತನ್ನೇ ನಂಬುತ್ತಾಳೆ, ಅವರದು ಒಂದೇ ಮಾತಾದ್ದರಿಂದ. ಹಾಸಿಗೆಯ ಬುಡದಲ್ಲಿ ಒಂದು ಹಾಳೆ ತೂಗುಹಾಕಿ ಯಾವ ಪಾಳಿಯಲ್ಲಿ ಏನು ಹೇಳಿದೆ, ತಾಯಿ ಏನು ಮಾಡಿ ತೋರಿಸಿದಳು ಎಂದು ಗುರುತು ಹಾಕಿದರೆ ಈ ಗೊಂದಲ ಬಹುಪಾಲು ನಿಲ್ಲುತ್ತದೆ. ಹಿರಿಯರನ್ನು ಭೇಟಿಯ ವೇಳೆ ಹೊರಗೆ ಕಳಿಸದೆ ಒಳಗೆ ಕೂರಿಸಿಕೊಂಡು ಅವರ ಎದುರಿಗೇ ಹೇಳುವುದು ಇನ್ನೂ ಒಳ್ಳೆಯದು.

ಶಾಲೆಯ ಹೆಲ್ತ್ ಟಾಕ್ ಕೂಡ ಇದೇ ರೋಗದಿಂದ ಬಳಲುತ್ತದೆ. ರಕ್ತಹೀನತೆಯ ಪಾಠವೆಂದರೆ ವ್ಯಾಖ್ಯೆ, ಕಾರಣ, ಲಕ್ಷಣ. 12 ತುಂಬಿದ ಹುಡುಗಿಯರಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದು ಬರೆಸುತ್ತಾರೆ. ಕಬ್ಬಿಣಾಂಶದ ಮಾತ್ರೆ ತಿಂದರೆ ಮಲ ಕಪ್ಪಾಗುತ್ತದೆ, ಅದರಿಂದ ತೊಂದರೆಯಿಲ್ಲ ಎಂಬ ಒಂದು ಮಾತು ಹೇಳುವುದಿಲ್ಲ. ಹುಡುಗಿ ಹೆದರಿ ಎರಡನೇ ವಾರಕ್ಕೆ ಮಾತ್ರೆ ಬಿಡುತ್ತಾಳೆ. ಹೊಟ್ಟೆ ತೊಳಸಿದರೆ ಊಟದ ನಂತರ, ರಾತ್ರಿ ಮಲಗುವ ಮುಂಚೆ. ಚಹಾ-ಕಾಫಿಯಿಂದ ಕನಿಷ್ಠ ಒಂದು ಗಂಟೆ ದೂರ. ಮುಟ್ಟಿನ ಪಾಠದಲ್ಲೂ ಗರ್ಭಕೋಶದ ಚಿತ್ರಕ್ಕಿಂತ ಮುಖ್ಯವಾದದ್ದು ಪ್ಯಾಡನ್ನು 4–6 ಗಂಟೆಗೊಮ್ಮೆ ಬದಲಿಸುವುದು, ಸ್ರಾವ 7 ದಿನ ಮೀರಿದರೆ ಅಥವಾ ಒಂದೆರಡು ಗಂಟೆಗೊಂದು ಪ್ಯಾಡ್ ತೊಯ್ದರೆ ಯಾರಿಗೆ ಹೇಳಬೇಕು ಎಂಬುದು. ‘ಯಾರಿಗಾದರೂ ಡೌಟ್ ಇದೆಯಾ?’ ಎಂದರೆ ತರಗತಿ ನೆಲ ನೋಡುತ್ತದೆ. ಹಿಂದಿನ ದಿನವೇ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಪ್ರಶ್ನೆ ಇಲ್ಲದವರೂ ‘ಇಲ್ಲ’ ಎಂದು ಬರೆದು ಡಬ್ಬಿಗೆ ಹಾಕುವಂತೆ ಮಾಡಿದರೆ ಯಾರು ಬರೆದರೆಂದು ತಿಳಿಯುವುದಿಲ್ಲ. ಪಾಠವನ್ನು ಆ ಚೀಟಿಗಳಿಂದಲೇ ಕಟ್ಟಬೇಕು.

ಲಾಗ್‌ಬುಕ್ಕಿನ ಒಂದು ಸಹಿ

ಕಲಿಸುವುದು ಒಂದು ಕೌಶಲ ಎಂದು ನರ್ಸಿಂಗ್ ಪಠ್ಯಕ್ರಮ ಒಪ್ಪುತ್ತದೆ, ಪರೀಕ್ಷೆ ಒಪ್ಪುವುದಿಲ್ಲ. ಲಾಗ್‌ಬುಕ್ಕಿನಲ್ಲಿ ‘ಹೆಲ್ತ್ ಟಾಕ್ – 1’ ಎಂಬ ಸಾಲು, ಪಕ್ಕದಲ್ಲಿ ಸಹಿ. ಅಂಕ ಬೀಳುವುದು ಲೆಸನ್ ಪ್ಲಾನಿನ ಕಾಲಮ್ಮುಗಳಿಗೆ, ಚಾರ್ಟಿನ ಬಣ್ಣಕ್ಕೆ, ಧ್ವನಿಯ ಏರಿಳಿತಕ್ಕೆ. ಎದುರಿಗೆ ಕುಳಿತವರಿಗೆ ಏನು ದಕ್ಕಿತು ಎಂಬುದಕ್ಕೆ ಕಾಲಮ್ಮೇ ಇಲ್ಲ. ಎದೆಹಾಲೂಡಿಕೆಗೆ ಒತ್ತು ಕೊಡುವ ಶಿಶು-ಸ್ನೇಹಿ ಆಸ್ಪತ್ರೆ ಯೋಜನೆ 1991ರಲ್ಲಿ ಶುರುವಾದಾಗ ಸಿಬ್ಬಂದಿಯ ತರಬೇತಿಯನ್ನು ಗಂಟೆಗಳಲ್ಲಿ ಲೆಕ್ಕ ಹಾಕುತ್ತಿದ್ದರು. 2018ರ ಪರಿಷ್ಕರಣೆಯಲ್ಲಿ ಎಷ್ಟು ಗಂಟೆ ಎಂಬುದಕ್ಕಿಂತ ಏನು ಮಾಡಬಲ್ಲರು ಎಂಬುದಕ್ಕೆ ಒತ್ತು ಬಂತು. ಕಾಲೇಜುಗಳು ಅಲ್ಲಿಗೆ ಇನ್ನೂ ಬಂದಿಲ್ಲ.

ಬರಲು ಹೊಸ ಕಟ್ಟಡ ಬೇಡ. ವೈದ್ಯಕೀಯ ಶಿಕ್ಷಣತಜ್ಞ ರೊನಾಲ್ಡ್ ಹಾರ್ಡನ್ 1975ರಲ್ಲಿ ಕೊಟ್ಟ ನಿಲ್ದಾಣಗಳ ಮಾದರಿಯ ಪ್ರಾಯೋಗಿಕ ಪರೀಕ್ಷೆ, ಅಂದರೆ ವಿದ್ಯಾರ್ಥಿ ಒಂದೊಂದು ನಿಲ್ದಾಣದಲ್ಲಿ ಒಂದೊಂದು ಕೆಲಸ ಮಾಡಿ ತೋರಿಸುತ್ತಾ ಮುಂದೆ ಸಾಗುವ ಪರೀಕ್ಷೆ, ಈಗ ಎಲ್ಲೆಡೆ ಇದೆ. ಇಂಜೆಕ್ಷನ್ ಕೊಡುವ ನಿಲ್ದಾಣದ ಪಕ್ಕದಲ್ಲಿ ‘ತಾಯಿಗೆ ಕಲಿಸುವುದು’ ಎಂಬ ಇನ್ನೊಂದನ್ನು ಇಡಬಹುದು. 8 ನಿಮಿಷ, 20 ಅಂಕ, ತಾಯಿಯ ಪಾತ್ರದಲ್ಲಿ ತರಬೇತಾದ ಒಬ್ಬರು. ಆಕೆಗೆ ಈಗಾಗಲೇ ಏನು ಗೊತ್ತು ಎಂದು ಮೊದಲು ಕೇಳಿದ್ದಕ್ಕೆ 3, ಆಡುಮಾತಿನಲ್ಲಿ ಹೇಳಿದ್ದಕ್ಕೆ 3, ಹೇಳಿದ್ದು ಸರಿಯಿದ್ದರೆ 4, ಅವಳ ಕೈಯಿಂದಲೇ ಮಾಡಿಸಿದ್ದಕ್ಕೆ 4, ಅವಳ ಬಾಯಿಂದ ಹೇಳಿಸಿ ತಪ್ಪನ್ನು ತಿದ್ದಿದ್ದಕ್ಕೆ 4, ಯಾವಾಗ ಮರಳಿ ಬರಬೇಕೆಂದು ತಿಳಿಸಿದ್ದಕ್ಕೆ 2. ಕೈ ತೊಳೆಯದೆ ಮಗುವಿನ ಗೊಂಬೆ ಮುಟ್ಟಿದರೆ ನಿಲ್ದಾಣ ಫೇಲ್.

ಆಗದಿರುವುದಕ್ಕೆ ನಿಜವಾದ ಅಡ್ಡಿ ಜನಬಲದ್ದು. 2023ರಲ್ಲಿ ಜಗತ್ತಿನಲ್ಲಿ 2.98 ಕೋಟಿ ನರ್ಸ್‌ಗಳಿದ್ದರು, ಇನ್ನೂ 58 ಲಕ್ಷ ಮಂದಿ ಕೊರತೆ. 30 ಹಾಸಿಗೆಗೆ ಇಬ್ಬರು ನಿಂತ ವಾರ್ಡಿನಲ್ಲಿ ‘ಹೇಳಿಸಿ ಕೇಳಿ’ ಎಂದರೆ ನರ್ಸ್ ಮುಖ ನೋಡಿ ನಕ್ಕಾರು. ವಿದ್ಯಾರ್ಥಿಗಳ ಬೆಲೆ ಗೊತ್ತಾಗುವುದು ಇಲ್ಲೇ. ಪೋಸ್ಟಿಂಗ್‌ನ ಪ್ರತಿ ವಿದ್ಯಾರ್ಥಿಗೂ ಗರ್ಭಿಣಿಯಿದ್ದಾಗಿನಿಂದ ಆರನೇ ವಾರದವರೆಗೆ ಇಬ್ಬರು ತಾಯಂದಿರನ್ನು ವಹಿಸಿಕೊಟ್ಟರೆ, ಗುಂಪಿನಲ್ಲಿ ನಿಂತು ಓದುವ ಐದು ಹೆಲ್ತ್ ಟಾಕ್‌ಗಿಂತ ಹೆಚ್ಚು ಕಲಿಯುತ್ತಾರೆ. ತಾನು ಹೇಳಿದ್ದರಲ್ಲಿ ಯಾವುದು ಮನೆಗೆ ತಲುಪಲಿಲ್ಲ ಎಂಬುದನ್ನು ಅವರೇ ಕಾಣುತ್ತಾರೆ.

ಪ್ರಬಂಧದ ಕೊನೆಯ ಕೋಷ್ಟಕವೂ ಆಗ ಬೇರೆಯಾಗುತ್ತದೆ. 14ನೇ ದಿನ ಮತ್ತು 6ನೇ ವಾರ ಒಂದು ಫೋನ್ ಅಥವಾ ಭೇಟಿ. ನಿನ್ನೆ ಬೆಳಗಿನಿಂದ ಮಗುವಿಗೆ ಎದೆಹಾಲು ಬಿಟ್ಟು ಬೇರೇನು ಕೊಟ್ಟಿರಿ? ಹೊಕ್ಕುಳಿಗೆ ಏನಾದರೂ ಹಚ್ಚಿದಿರಾ? ಅಪಾಯದ ಚಿಹ್ನೆ ಏನಾದರೂ ಕಂಡಿತೇ, ಕಂಡ ಮೇಲೆ ಆಸ್ಪತ್ರೆ ತಲುಪಲು ಎಷ್ಟು ಗಂಟೆ ಹಿಡಿಯಿತು? 60 ತಾಯಂದಿರಲ್ಲಿ 45 ಮಂದಿ ಸಿಗಬಹುದು, ಉಳಿದವರ ಫೋನ್ ಹತ್ತದೇ ಇರಬಹುದು. ಏರಿಕೆ ಅಷ್ಟು ಚೆಂದವಾಗಿ ಕಾಣದು, ಪಿ ಮೌಲ್ಯ 0.05 ದಾಟಿಬಿಡಬಹುದು. ಅಂಥ ಪ್ರಬಂಧಕ್ಕೆ ವೈವಾದಲ್ಲಿ ಅಂಕ ಕಡಿಯುವಂತಿಲ್ಲ ಎಂದು ವಿಶ್ವವಿದ್ಯಾಲಯಗಳು ಒಂದು ಸಾಲು ಬರೆದುಕೊಟ್ಟರೆ, ಗೈಡ್‌ಗಳು ಅದನ್ನು ಮಾಡಲು ಬಿಡುತ್ತಾರೆ.